ತಪ್ಪು ಉತ್ತರಕ್ಕೂ ಪರದೆಯ ಮೇಲೊಂದು ಸ್ಥಾನ

‘ಅಲ್ಲಮ್ಮ, ಮಗು ತಪ್ಪು ಮಾಡಿದ್ದನ್ನು ಅಷ್ಟು ದೊಡ್ಡ ಟಿವಿಯ ಮೇಲೆ ಹಾಕಿ ಇಡೀ ತರಗತಿಗೆ ತೋರಿಸಿದರೆ ಅದಕ್ಕೆ ನಾಚಿಕೆಯಾಗುವುದಿಲ್ಲವೇ?’ ಎಂದು ತಿಪಟೂರಿನಿಂದ ಅಪ್ಪ ಕೇಳಿದರು. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಪ್ರಶ್ನೆಯಲ್ಲಿ ಆಕ್ಷೇಪಣೆಯಿತ್ತು, ಕುತೂಹಲವೂ ಇತ್ತು. ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಆ ತರಗತಿಯ ಹಿಂಭಾಗದಲ್ಲಿ ನಿಂತಿದ್ದಾಗ ನಾಚಿಕೆಯಾದದ್ದು ನನಗೇ.

ನಾವಿರುವುದು ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಾಸಾಯಿಯಲ್ಲಿ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆಯಿದು. ಇಲ್ಲಿಗೆ ಬರುವ ಪ್ರತಿಯೊಂದು ಕುಟುಂಬಕ್ಕೂ ಮೊದಲ ವರ್ಷದಲ್ಲೇ ಎದುರಾಗುವ ಪ್ರಶ್ನೆಯೊಂದಿದೆ: ಮಕ್ಕಳನ್ನು ಭಾರತೀಯ ಪಠ್ಯಕ್ರಮದ ಶಾಲೆಗೆ ಸೇರಿಸುವುದೋ, ಮನೆಯ ಪಕ್ಕದ ಜಪಾನಿ ಸಾರ್ವಜನಿಕ ಶಾಲೆಗೋ? 2004ರಲ್ಲಿ ಒಂದು, 2006ರಲ್ಲಿ ಮತ್ತೊಂದು ಭಾರತೀಯ ಶಾಲೆ ಟೋಕಿಯೊದಲ್ಲಿ ಆರಂಭವಾದಂದಿನಿಂದ ಮೊದಲ ದಾರಿ ಸುಲಭವಾಗಿದೆ. ಎರಡನೆಯದಕ್ಕೆ ಬೋಧನಾ ಶುಲ್ಕವಿಲ್ಲ, ಪಠ್ಯಪುಸ್ತಕಗಳೂ ಉಚಿತ, ಆದರೆ ಎಲ್ಲವೂ ಜಪಾನಿ ಭಾಷೆಯಲ್ಲಿ. ನಾವು ಎರಡನೆಯದನ್ನು ಆರಿಸಿಕೊಂಡೆವು. ಮಗಳು ಎರಡನೆಯ ತರಗತಿಗೆ ಸೇರಿದಾಗ ಅವಳಿಗೆ ಗೊತ್ತಿದ್ದದ್ದು ‘ಒಹಾಯೋ’ ಮತ್ತು ‘ಅರಿಗಾತೋ’ ಎಂಬೆರಡೇ ಮಾತು. ಈಗ ನಾಲ್ಕನೆಯ ತರಗತಿ. ಮನೆಯಲ್ಲಿ ಕನ್ನಡದಲ್ಲಿ ಅರಳು ಹುರಿದಂತೆ ಮಾತನಾಡುವ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಶಿಕ್ಷಕಿ ಎರಡು ಬಾರಿ ಹೇಳಿದ್ದರು. ಈ ವರ್ಷದ ಕೊನೆಗೆ ಭಾರತೀಯ ಶಾಲೆಗೆ ಬದಲಾಯಿಸಿಬಿಡೋಣವೆಂಬ ಮಾತು ನಮ್ಮ ಮನೆಯಲ್ಲಿ ನಡೆದೇ ಇತ್ತು. ‘ಜುಗ್ಯೋ ಸಾನ್‌ಕಾನ್’, ಅಂದರೆ ಪಾಲಕರು ಬಂದು ಪಾಠವನ್ನು ನೋಡುವ ದಿನಕ್ಕೆ ನಾನು ಹೋದದ್ದು ಇಂಥ ಮನಃಸ್ಥಿತಿಯಲ್ಲಿ.

ಮನೆಯಿಂದ ತಂದ ಚಪ್ಪಲಿಯನ್ನು ಬಾಗಿಲಲ್ಲಿ ಹಾಕಿಕೊಂಡು, ಬೂಟುಗಳನ್ನು ಚೀಲದಲ್ಲಿ ಹಿಡಿದು, ಇತರ ತಾಯಂದಿರೊಡನೆ ಗೋಡೆಗೆ ಒರಗಿ ನಿಂತೆ. ಗಣಿತದ ಪಾಠ. ಶಿಕ್ಷಕಿ ಕಪ್ಪುಹಲಗೆಯ ಮೇಲೆ ಒಂದೇ ಒಂದು ಚಿತ್ರವನ್ನು ಅಂಟಿಸಿದರು. 8 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಆಯತ, ಅದರ ಬಲಭಾಗದ ಮೇಲ್ಮೂಲೆಯಿಂದ 4 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ತುಂಡನ್ನು ಕತ್ತರಿಸಿ ತೆಗೆದಂತೆ ಉಳಿದ, ಇಂಗ್ಲಿಷಿನ ‘ಎಲ್’ ಅಕ್ಷರದ ಆಕೃತಿ. ಇದರ ವಿಸ್ತೀರ್ಣವೆಷ್ಟು? ಸೂತ್ರವನ್ನೂ ಹೇಳಲಿಲ್ಲ, ಮಾದರಿ ಲೆಕ್ಕವನ್ನೂ ಮಾಡಿ ತೋರಿಸಲಿಲ್ಲ. ಅದೇ ಚಿತ್ರ ಮಕ್ಕಳ ಟ್ಯಾಬ್ಲೆಟ್ಟುಗಳಿಗೂ ಬಂದಿತ್ತು. ‘ಹತ್ತು ನಿಮಿಷ, ಒಬ್ಬೊಬ್ಬರೇ’ ಎಂದರು. ತರಗತಿ ನಿಶ್ಶಬ್ದವಾಯಿತು. ಶಿಕ್ಷಕಿ ಮೇಜುಗಳ ನಡುವೆ ನಡೆಯುತ್ತ, ಯಾರು ಯಾವ ದಾರಿ ಹಿಡಿದಿದ್ದಾರೆಂಬುದನ್ನು ಕೈಯಲ್ಲಿದ್ದ ಹಾಳೆಯಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು. ಯಾರಿಗೂ ‘ಸರಿ’ ಎನ್ನಲಿಲ್ಲ, ‘ತಪ್ಪು’ ಎನ್ನಲಿಲ್ಲ.

ಹತ್ತು ನಿಮಿಷದ ತರುವಾಯ 32 ಮಕ್ಕಳ ಉತ್ತರಗಳೂ ಸಣ್ಣ ಸಣ್ಣ ಚೌಕಗಳಾಗಿ ದೊಡ್ಡ ಪರದೆಯ ಮೇಲೆ ಮೂಡಿದವು. ಹೆಸರುಗಳನ್ನು ಮರೆಮಾಡಲಾಗಿತ್ತು. ಅವುಗಳಲ್ಲಿ ಐದನ್ನು ಆರಿಸಿ ಶಿಕ್ಷಕಿ ಹಿಗ್ಗಿಸಿದರು. ಒಬ್ಬರು ಆಕೃತಿಯನ್ನು ಅಡ್ಡಲಾಗಿ ಸೀಳಿದ್ದರು: 24 ಮತ್ತು 12, ಒಟ್ಟು 36. ಇನ್ನೊಬ್ಬರು ಉದ್ದಕ್ಕೆ ಸೀಳಿದ್ದರು: ಅಲ್ಲಿಯೂ 24 ಮತ್ತು 12. ಮೂರನೆಯವರು ಇಡೀ ಆಯತದ 48ರಿಂದ ಕತ್ತರಿಸಿದ 12ನ್ನು ಕಳೆದಿದ್ದರು. ನಾಲ್ಕನೆಯ ಮಗು ಮೇಲಿನ ತುಂಡನ್ನು ಕಿತ್ತು ಕೆಳಗಿನ ತುಂಡಿನ ಪಕ್ಕಕ್ಕೆ ಜೋಡಿಸಿ, 12 ಸೆಂ.ಮೀ. ಉದ್ದ, 3 ಸೆಂ.ಮೀ. ಎತ್ತರದ ಒಂದೇ ಪಟ್ಟಿಯನ್ನಾಗಿ ಮಾಡಿತ್ತು. ಹಿಂದೆ ನಿಂತಿದ್ದ ನಮ್ಮಲ್ಲಿ ಯಾರಿಗೂ ಹೊಳೆಯದ ಉಪಾಯವದು.

ಐದನೆಯದರಲ್ಲಿ ನೇರಳೆ ಬಣ್ಣದ ಗೆರೆಗಳಿದ್ದವು. ಮನೆಯಲ್ಲಿ ಎಲ್ಲಕ್ಕೂ ನೇರಳೆಯನ್ನೇ ಬಳಸುವವಳು ನನ್ನ ಮಗಳು. ಕೆಳಗಿನ ಪಟ್ಟಿ 8 ಗುಣಿಸು 3, 24, ಎಡಗಡೆಯ ಕಂಬ 4 ಗುಣಿಸು 6, 24, ಒಟ್ಟು 48. ಎರಡು ತುಂಡುಗಳೂ ಸೇರುವ ಮೂಲೆಯನ್ನು ಅವಳು ಎರಡು ಬಾರಿ ಎಣಿಸಿದ್ದಳು. ನನಗೆ ನೆಲ ಕುಸಿದಂತಾಯಿತು. ಭಾರತೀಯರೆಂದರೆ ಗಣಿತದಲ್ಲಿ ಹುಟ್ಟು ಪಂಡಿತರೆಂಬ ನಂಬಿಕೆ ಇಲ್ಲಿನವರಲ್ಲಿದೆ. ‘ಎರಡಂಕಿಯ ಮಗ್ಗಿ ಹೇಳುತ್ತೀರಂತೆ, ನಿಜವೇ?’ ಎಂದು ನನ್ನನ್ನೇ ಕೇಳಿದವರಿದ್ದಾರೆ. ಪಕ್ಕದ ತಾಯಿಗೆ ಆ ಚೌಕ ಯಾರದೆಂದು ತಿಳಿಯದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಶಿಕ್ಷಕಿ ಕೇಳಿದ ಪ್ರಶ್ನೆ ಇಷ್ಟೇ: ‘ಇದನ್ನು ಮಾಡಿದವರು ಹೇಗೆ ಯೋಚಿಸಿರಬಹುದು?’

ಒಬ್ಬ ಹುಡುಗ, ಕತ್ತರಿಸದ ಆಯತವೇ 48 ಅಲ್ಲವೇ, ತುಂಡು ಹೋದ ಮೇಲೂ ಅಷ್ಟೇ ಉಳಿಯುವುದು ವಿಚಿತ್ರ ಎಂದ. ಇನ್ನೊಬ್ಬ ಹುಡುಗಿ ಕುಳಿತಲ್ಲಿಂದಲೇ ತನ್ನ ಟ್ಯಾಬ್ಲೆಟ್ಟಿನಲ್ಲಿ ಆ ಮೂಲೆಯನ್ನು ಬಣ್ಣ ತುಂಬಿ ತೋರಿಸಿದಳು. ಶಿಕ್ಷಕಿ ಅವಳ ಪರದೆಯನ್ನು ಎಲ್ಲರಿಗೂ ಕಾಣುವಂತೆ ಟಿವಿಗೆ ಹಾಕಿದರು. ಎರಡು ಬಣ್ಣ ಒಂದರ ಮೇಲೊಂದು ಬಿದ್ದ ಜಾಗ ಕಪ್ಪಾಗಿ ಕಂಡಿತು. ‘ಹಾಗಾದರೆ ಆ 12ನ್ನು ಒಮ್ಮೆ ಕಳೆದುಬಿಟ್ಟರೆ ಇದೂ 36 ಆಗುತ್ತದೆ’ ಎಂದು ಕಿಟಕಿಯ ಬಳಿಯ ಹುಡುಗನೊಬ್ಬ ಹೇಳಿದ. ತರಗತಿಯಲ್ಲಿ ಸಣ್ಣದೊಂದು ‘ಓ’ ಎಂಬ ಉದ್ಗಾರ ಹೊರಟಿತು. ಆಗ ನನ್ನ ಮಗಳು ಕೈಯೆತ್ತಿ, ತಡವರಿಸುತ್ತ, ಅದು ತನ್ನದು ಎಂದಳು. ಹೆಸರು ಹೇಳಬೇಕೆಂದು ಯಾರೂ ಕೇಳಿರಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಜಪಾನಿನ ಶಾಲೆಗಳಲ್ಲಿ ತಂತ್ರಜ್ಞಾನವೆಂದರೆ ರೋಬೋಟುಗಳು ಪಾಠ ಹೇಳುತ್ತಿರಬೇಕೆಂಬ ಕಲ್ಪನೆ ಊರಿನಲ್ಲಿದೆ. ವಸ್ತುಸ್ಥಿತಿ ಬಹಳ ಕಾಲ ತದ್ವಿರುದ್ಧವಾಗಿತ್ತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2018ರಲ್ಲಿ ಮಾಧ್ಯಮಿಕ ಶಾಲೆಯ ಶಿಕ್ಷಕರನ್ನು ಸಮೀಕ್ಷೆ ಮಾಡಿದಾಗ, ತರಗತಿಯ ಕೆಲಸಕ್ಕೆ ಮಕ್ಕಳಿಂದ ಆಗಾಗ ಕಂಪ್ಯೂಟರ್ ಬಳಸಿಸುವೆವೆಂದು ಹೇಳಿದ ಜಪಾನಿ ಶಿಕ್ಷಕರು ಶೇ 18ರಷ್ಟು ಮಾತ್ರ. ಸದಸ್ಯ ರಾಷ್ಟ್ರಗಳ ಸರಾಸರಿ ಶೇ 50ಕ್ಕಿಂತ ಹೆಚ್ಚಿತ್ತು. ಫ್ಯಾಕ್ಸ್ ಯಂತ್ರವನ್ನು ಇನ್ನೂ ಪೂರ್ತಿ ಕೈಬಿಡದ ದೇಶಕ್ಕೆ ಇದು ಆಶ್ಚರ್ಯವಲ್ಲ ಬಿಡಿ. 2019ರ ಡಿಸೆಂಬರಿನಲ್ಲಿ ಸರ್ಕಾರ ‘ಗಿಗಾ ಸ್ಕೂಲ್’ ಯೋಜನೆಯನ್ನು ಪ್ರಕಟಿಸಿತು. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಯ ಪ್ರತಿ ಮಗುವಿಗೂ ಒಂದು ಸಾಧನ, ಶಾಲೆಗೆ ವೇಗದ ಅಂತರ್ಜಾಲ. ಸಾಧನವೊಂದಕ್ಕೆ 45,000 ಯೆನ್ ಸಹಾಯಧನ. ಹಲವು ವರ್ಷಗಳಲ್ಲಿ ಆಗಬೇಕಾಗಿದ್ದ ಕೆಲಸವನ್ನು ಕೊರೊನಾ ಅವಸರಿಸಿತು. 2021ರ ಮಾರ್ಚ್ ಅಂತ್ಯದ ಹೊತ್ತಿಗೆ ಬಹುಪಾಲು ಊರುಗಳ ಶಾಲೆಗಳಿಗೆ ಟ್ಯಾಬ್ಲೆಟ್ ತಲುಪಿಬಿಟ್ಟಿತ್ತು. ಈಗ ಹಳೆಯವನ್ನು ಬದಲಿಸುವ ಎರಡನೆಯ ಸುತ್ತು ನಡೆದಿದೆ.

ಆದರೆ ಸಾಧನ ಬಂದ ಮಾತ್ರಕ್ಕೆ ನಾನು ನೋಡಿದ ಪಾಠ ಹುಟ್ಟುವುದಿಲ್ಲ. ಅದರ ಬೇರು ಹಳೆಯದು. ಮೈಜಿ ಕಾಲದಿಂದಲೂ ಇಲ್ಲಿನ ಶಿಕ್ಷಕರು ಒಬ್ಬರ ಪಾಠವನ್ನು ಮತ್ತೊಬ್ಬರು ಕುಳಿತು ನೋಡಿ, ಚರ್ಚಿಸಿ, ತಿದ್ದಿಕೊಳ್ಳುವ ‘ಜುಗ್ಯೋ ಕೆನ್‌ಕ್ಯೂ’ ಎಂಬ ಪದ್ಧತಿಯನ್ನು ಬೆಳೆಸಿಕೊಂಡು ಬಂದಿದ್ದಾರೆ. ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ಎಂಬ ಅಮೆರಿಕದ ವಿದ್ವಾಂಸರು ಜರ್ಮನಿ, ಜಪಾನ್, ಅಮೆರಿಕಗಳ ಗಣಿತ ತರಗತಿಗಳ ವಿಡಿಯೊಗಳನ್ನು ಹೋಲಿಸಿ 1999ರಲ್ಲಿ ಬರೆದ ಪುಸ್ತಕದಿಂದ ಈ ಪದ್ಧತಿ ಹೊರಜಗತ್ತಿಗೆ ವ್ಯಾಪಕವಾಗಿ ಪರಿಚಯವಾಯಿತು. ಒಂದು ಸಮಸ್ಯೆಯನ್ನು ಕೊಟ್ಟು, ಮಕ್ಕಳು ತಮ್ಮದೇ ದಾರಿಯಲ್ಲಿ ಒದ್ದಾಡಲು ಬಿಟ್ಟು, ಆ ದಾರಿಗಳನ್ನೆಲ್ಲ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಿಸಿ ಹೋಲಿಸುವುದು ಅದರ ಕ್ರಮ. ಈ ಹೋಲಿಕೆಯ ಘಟ್ಟಕ್ಕೆ ಇಲ್ಲಿನ ಶಿಕ್ಷಕರು ‘ನೆರಿಆಗೆ’ ಎನ್ನುತ್ತಾರೆ. ಹಿಟ್ಟನ್ನೋ ಜೇಡಿಮಣ್ಣನ್ನೋ ನಾದಿ ಹದಕ್ಕೆ ತರುವುದು ಎಂದರ್ಥ. ಹಲಗೆಯ ಮೇಲೆ ಬರೆದದ್ದನ್ನು ಗಂಟೆ ಹೊಡೆಯುವವರೆಗೂ ಅಳಿಸಬಾರದೆಂಬುದು ಒಳ್ಳೆಯ ಶಿಕ್ಷಕರ ನಿಯಮ, ಏಕೆಂದರೆ ಪಾಠ ನಡೆದು ಬಂದ ದಾರಿ ಕೊನೆಯವರೆಗೂ ಮಕ್ಕಳ ಕಣ್ಣೆದುರು ಇರಬೇಕು. ಪರದೆ ಹಂಚಿಕೆ ಈ ಹಳೆಯ ಗಿಡಕ್ಕೆ ಹಾಕಿದ ಹೊಸ ಕಸಿ. ಮೊದಲು ಹಲಗೆಯ ಬಳಿಗೆ ನಾಲ್ಕೈದು ಮಕ್ಕಳನ್ನಷ್ಟೇ ಕರೆಯಲು ಸಾಧ್ಯವಿತ್ತು, ಅವರು ಬರೆದು ಮುಗಿಸುವುದರಲ್ಲೇ ಅರ್ಧ ಅವಧಿ ಕಳೆಯುತ್ತಿತ್ತು. ಇಂದು ಲೊಯಿಲೊ ನೋಟ್‌ನಂತಹ ತಂತ್ರಾಂಶಗಳು ಎಲ್ಲರ ಕೆಲಸವನ್ನೂ ಕ್ಷಣದಲ್ಲಿ ಸಾಲಾಗಿ ಮುಂದಿಡುತ್ತವೆ. ಉಳಿದ ಸಮಯ ಮಾತಿಗೆ.

ನನ್ನ ಕಚೇರಿಯಲ್ಲಿಯೂ ದಿನಕ್ಕೆ ನಾಲ್ಕು ಬಾರಿ ಸ್ಕ್ರೀನ್ ಶೇರಿಂಗ್ ನಡೆಯುತ್ತದೆ. ಒಬ್ಬರು ತೋರಿಸುತ್ತಾರೆ, ಹದಿನೈದು ಮಂದಿ ನೋಡಿದಂತೆ ನಟಿಸುತ್ತಾರೆ. ನಮ್ಮೂರಿನ ಬಹಳಷ್ಟು ‘ಸ್ಮಾರ್ಟ್ ಕ್ಲಾಸ್’ಗಳ ಕಥೆ ಇದಕ್ಕಿಂತ ಭಿನ್ನವಲ್ಲವೆಂಬುದು ನನ್ನ ಅನುಮಾನ. ರಜೆಗೆ ಬಂದಾಗ ನೋಡಿದ ಖಾಸಗಿ ಶಾಲೆಯೊಂದರಲ್ಲಿ ಗೋಡೆಯಷ್ಟು ದೊಡ್ಡ ಪರದೆಯಿತ್ತು. ಅದರಲ್ಲಿ ಹೃದಯ ಬಡಿಯುವ ಚಲನಚಿತ್ರ ಓಡುತ್ತಿತ್ತು. ಮಕ್ಕಳು ಕೈಕಟ್ಟಿ ಕುಳಿತಿದ್ದರು. ಪರದೆ ಎಷ್ಟು ದೊಡ್ಡದೆಂಬುದನ್ನು ಆ ಶಾಲೆಯವರು ಹೆಮ್ಮೆಯಿಂದ ಹೇಳಿದರು. ಅದರ ಮೇಲೆ ಯಾರದು ಕಾಣುತ್ತದೆ, ಮೇಷ್ಟರದೋ ಮಗುವಿನದೋ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಆಗ ತಿಳಿದೂ ಇರಲಿಲ್ಲ.

ಹಾಗೆಂದು ಮಗುವನ್ನು ಕೇಂದ್ರದಲ್ಲಿಟ್ಟ ಪಾಠ ನಮಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ ಕಲಿ’ಯಲ್ಲಿ ಗೋಡೆಯ ತಳಭಾಗಕ್ಕೇ ಕಪ್ಪು ಬಣ್ಣ ಬಳಿದು, ಪ್ರತಿ ಮಗುವಿಗೂ ಅದರ ಎತ್ತರಕ್ಕೆ ಎಟಕುವ ಹಲಗೆಯನ್ನು ಕೊಟ್ಟಿದ್ದರು. ಮಗು ಬರೆದದ್ದು ಗೋಡೆಯ ಮೇಲೇ ಇರುತ್ತದೆ. ಮೇಷ್ಟರೂ ನೋಡಬಹುದು, ಪಕ್ಕದ ಮಗುವೂ ನೋಡಬಹುದು. ಒಂದು ಯೆನ್ ಖರ್ಚಿಲ್ಲದ ಪರದೆ ಹಂಚಿಕೆ ಅದು. ಅಪ್ಪನಿಗೆ ಇದನ್ನು ನೆನಪಿಸಿದಾಗ ಅವರು ಸ್ವಲ್ಪ ಮೆತ್ತಗಾದರು. ಆಮೇಲೆ ತಮ್ಮ ಕಾಲದ ಸ್ಲೇಟಿನ ಮಾತೆತ್ತಿದರು. ‘ಬರೆದವರು ಸ್ಲೇಟು ಎತ್ತಿ’ ಎಂದರೆ ನಲವತ್ತು ಸ್ಲೇಟುಗಳು ಮೇಲೇಳುತ್ತಿದ್ದವಂತೆ. ‘ಒಂದು ನೋಟಕ್ಕೆ ಯಾರು ಎಲ್ಲಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಆದರೆ ಎಲ್ಲ ಸ್ಲೇಟೂ ನನ್ನ ಕಡೆಗೇ ತಿರುಗಿರುತ್ತಿದ್ದವು’ ಎಂದು ತಾವೇ ಸೇರಿಸಿದರು. ಮಕ್ಕಳಿಗೆ ಒಬ್ಬರದು ಒಬ್ಬರಿಗೆ ಕಾಣುತ್ತಿರಲಿಲ್ಲ. ಇಣುಕಿ ನೋಡಿದರೆ ಕಾಪಿ ಎಂದು ಏಟು ಬೀಳುತ್ತಿತ್ತು.

ಅಪ್ಪನ ಮೊದಲ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು, ಮತ್ತು ಅದು ತಳ್ಳಿಹಾಕುವಂಥದಲ್ಲ. ಬೇರೊಂದು ಊರಿನಲ್ಲಿರುವ ಕನ್ನಡದ ಗೆಳತಿಯೊಬ್ಬರ ಮಗನ ತರಗತಿಯಲ್ಲಿ, ಮಕ್ಕಳು ಬರೆಯುತ್ತಿರುವಾಗಲೇ ಎಲ್ಲರ ಪರದೆಗಳೂ ಹೆಸರಿನ ಸಮೇತ ಟಿವಿಯಲ್ಲಿ ಓಡುತ್ತಿರುತ್ತವೆ. ಆ ಹುಡುಗ ಒಂದು ಸಾಲು ಬರೆದು, ತಲೆಯೆತ್ತಿ ಉಳಿದವರದನ್ನು ನೋಡಿ, ಅಳಿಸಿ, ಅವರಂತೆಯೇ ಬರೆಯುತ್ತಾನೆ. ಅವನ ಉತ್ತರಗಳು ಈಗ ಹೆಚ್ಚು ಸರಿಯಾಗಿವೆ, ಅವನಿಗೆ ಗಣಿತ ಬರುವುದು ಕಡಿಮೆಯಾಗಿದೆ. ಅದೇ ತಂತ್ರಾಂಶ, ಅದೇ ಪರದೆ. ವ್ಯತ್ಯಾಸವಿರುವುದು ಆ ಹತ್ತು ನಿಮಿಷದ ಏಕಾಂತದಲ್ಲಿ ಮತ್ತು ಹೆಸರನ್ನು ಮರೆಮಾಡುವ ಒಂದು ಗುಂಡಿಯಲ್ಲಿ. ಅವೆರಡನ್ನೂ ನಿರ್ಧರಿಸುವವರು ಶಿಕ್ಷಕರು. ಸರ್ಕಾರದ 45,000 ಯೆನ್‌ನಲ್ಲಿ ಅದು ಸೇರಿಲ್ಲ.

ಇದಕ್ಕಿಂತ ಘೋರವಾದದ್ದೂ ನಡೆದಿದೆ. ಟೋಕಿಯೊದ ಮಾಚಿದಾ ನಗರದಲ್ಲಿ 2020ರಲ್ಲಿ ಆರನೆಯ ತರಗತಿಯ ಮಗುವೊಂದು ಜೀವ ಕಳೆದುಕೊಂಡಿತು. ಶಾಲೆ ಕೊಟ್ಟ ಸಾಧನದ ಚಾಟ್‌ನಲ್ಲಿ ಸಹಪಾಠಿಗಳು ಅದನ್ನು ನಿಂದಿಸುತ್ತಿದ್ದರೆಂದು ಪಾಲಕರು ಮರುವರ್ಷ ಬಹಿರಂಗವಾಗಿ ಹೇಳಿದಾಗ, ಮಕ್ಕಳೆಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತೆಂಬ ಸಂಗತಿಯೂ ಹೊರಬಂದು ದೇಶವೇ ಬೆಚ್ಚಿತು. ತರಗತಿಯ ಟಿವಿಯಲ್ಲಿ ನಡೆಯುವ ಹಂಚಿಕೆಗೂ ಮಕ್ಕಳ ನಡುವೆ ಶಿಕ್ಷಕರ ಕಣ್ಣಿಗೆ ಬೀಳದೆ ನಡೆಯುವ ಹಂಚಿಕೆಗೂ ಅಂತರವಿದೆ, ನಿಜ. ಆದರೆ ಸಾಧನ ಒಂದೇ, ಮಕ್ಕಳೂ ಅವರೇ. ಇಲ್ಲಿಗೆ ಬರಲು ಹಂಬಲಿಸುತ್ತಿರುವ ತಂದೆ ತಾಯಂದಿರು ನನಗೆ ಪತ್ರ ಬರೆದು ‘ಶಾಲೆ ಹೈಟೆಕ್ ಆಗಿದೆಯೇ?’ ಎಂದು ಕೇಳುವುದುಂಟು. ಆ ಪ್ರಶ್ನೆಯನ್ನು ದಯವಿಟ್ಟು ಬಿಡಿ. ಪಾಠ ನೋಡುವ ದಿನ ಹೋಗಿ, ಹಿಂದೆ ನಿಂತು, ಮೂರು ಸಂಗತಿ ಗಮನಿಸಿ. ಪರದೆಯ ಮೇಲೆ ಯಾರ ಕೆಲಸ ಬರುತ್ತದೆ? ಮಕ್ಕಳಿಗೆ ಮೊದಲು ಒಬ್ಬರೇ ಯೋಚಿಸಲು ಸಮಯ ಸಿಗುತ್ತದೆಯೇ? ತಪ್ಪು ಉತ್ತರ ಬಂದಾಗ ಉಳಿದ ಮಕ್ಕಳು ನಗುತ್ತಾರೋ, ನೋಡುತ್ತಾರೋ? ಭಾಷೆ ಬಾರದಿದ್ದರೂ ಇಷ್ಟನ್ನು ಕಾಣಬಹುದು.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು. ಮಾತು ಬಾರದ ಮಗುವಿಗೆ ತರಗತಿಯಲ್ಲಿ ಇರುವ ಏಕೈಕ ರಕ್ಷಣೆ ಮೌನ. ಮೌನಿಯಾದ ಮಗುವಿಗೆ ತಿಳಿದಿದೆಯೋ ಇಲ್ಲವೋ ಎಂದು ಶಿಕ್ಷಕರಿಗೆ ಗೊತ್ತಾಗುವುದಿಲ್ಲ. ಸಹಪಾಠಿಗಳಿಗಂತೂ ಆ ಮಗು ಇರುವುದೇ ಮರೆತುಹೋಗುತ್ತದೆ. ಎರಡು ವರ್ಷ ನನ್ನ ಮಗಳು ಹೀಗೆ ಮರೆಯಾಗಿದ್ದಳು. ಗೆರೆ ಎಳೆಯುವುದಕ್ಕೆ, ಬಣ್ಣ ಹಚ್ಚುವುದಕ್ಕೆ ಜಪಾನಿ ವ್ಯಾಕರಣ ಬೇಡ. ತಪ್ಪಾಗಿಯೇ ಇರಲಿ, ಅವಳ ಯೋಚನೆಯ ಬಗ್ಗೆ ಇಡೀ ತರಗತಿ ಏಳೆಂಟು ನಿಮಿಷ ಮಾತನಾಡಿತು. ನಾಲ್ಕು ಸರಿಯುತ್ತರಗಳಲ್ಲಿ ಯಾವುದಕ್ಕೂ ಅಷ್ಟು ಹೊತ್ತು ಸಿಕ್ಕಿರಲಿಲ್ಲ. ಭಾರತೀಯ ಶಾಲೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ; ನಾಲ್ಕೈದು ವರ್ಷಕ್ಕೆ ಊರಿಗೆ ಮರಳುವವರಿಗೆ ಅದೇ ವಿವೇಕದ ದಾರಿಯಿರಬಹುದು. ನಮ್ಮ ಮನೆಯಲ್ಲಿ ಶಾಲೆ ಬದಲಿಸುವ ಮಾತು ಸದ್ಯಕ್ಕೆ ನಿಂತಿದೆ. ಮುಂದಿನ ವರ್ಷ ಬೇರೆ ಶಿಕ್ಷಕರು ಬರುತ್ತಾರೆ. ಆಗ ಮತ್ತೆ ಏಳಬಹುದು.

ಅಂದು ಶಾಲೆಯಿಂದ ಮನೆಗೆ ನಡೆದು ಬರುವಾಗ, ‘ಎಲ್ಲರೂ ನೋಡಿದರಲ್ಲ, ಬೇಜಾರಾಯಿತೇ?’ ಎಂದು ಕೇಳಿದೆ. ‘ಮೊದಲು ಆಯಿತು. ಆಮೇಲೆ ಅವನು 12 ಕಳೆದನಲ್ಲ, ಅವಾಗ ಹೋಯಿತು’ ಎಂದಳು. ಅಪ್ಪನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ, ಅದೂ ನನ್ನದಲ್ಲ.

ರಾತ್ರಿ ವಿಡಿಯೊ ಕರೆಯಲ್ಲಿ ಅವಳಿಗೆ ತಾತನಿಗೆ ಅದೇ ಲೆಕ್ಕ ತೋರಿಸುವ ಆಸೆ. ಶಾಲೆಯ ಟ್ಯಾಬ್ಲೆಟ್ಟಿನಲ್ಲಿ ಬೇರೆ ಮಕ್ಕಳ ಕೆಲಸವೂ ಇರುವುದರಿಂದ ಅದನ್ನು ಹೊರಗಿನವರಿಗೆ ತೋರಿಸುವಂತಿಲ್ಲ. ನೋಟುಪುಸ್ತಕದಲ್ಲಿ ಆಕೃತಿಯನ್ನು ಬರೆದು, ಅಳತೆಗಳನ್ನು ಹಾಕಿ, ಕ್ಯಾಮೆರಾದ ಮುಂದೆ ಹಿಡಿದಳು. ತಾತ ಕನ್ನಡಕ ಸರಿಮಾಡಿಕೊಂಡು ‘ಮೂವತ್ತಾರು’ ಎಂದರು.

‘ಉತ್ತರ ಬೇಡ ತಾತ, ಹೇಗೆ ಮಾಡಿದಿರಿ ತೋರಿಸಿ. ಹತ್ತು ನಿಮಿಷ. ನಾನು ನೋಡುವುದಿಲ್ಲ’ ಎಂದು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಆ ಕಡೆಯಿಂದ ಅಪ್ಪ ಪೆನ್ಸಿಲ್ ಹುಡುಕುತ್ತ ಅಮ್ಮನನ್ನು ಕೂಗುವುದು ಕೇಳಿಸುತ್ತಿತ್ತು.